ಬೇರೆ ಪಾತ್ರೆ

ಸ್ಟೋರ್ ರೂಮಿನ ಚಿಲಕ ಬಿತ್ತು. ತಿರುಗಿ ನೋಡಿದೆ... ಚಾಕು!

ಹಿಡಿದಿದ್ದವನು ಈ ಹೋಟೆಲಿನ ಅಡುಗೆಯವನು. ಎಲ್ಲರೂ ಅವನನ್ನು ಸೌಟು ಅಂತಲೇ ಕರೆಯುತ್ತಾರೆ.

ನನ್ನ ಕೈಯಲ್ಲಿ ಬಿಳಿ ಪುಡಿಯ ಡಬ್ಬ. ಮೂಟೆಗಳ ಹಿಂದೆ ಆಗಷ್ಟೇ ಸಿಕ್ಕಿತ್ತು. ಎಡಗಣ್ಣಿನ ಮೇಲೆ ಸುತ್ತಿಗೆಯಲ್ಲಿ ಬಡಿದಂತೆ ನೋವು.

ನನ್ನ ಕಸುಬು ಹೇಳಿಬಿಡುತ್ತೇನೆ, ಕೇಳಿ. ಊಟದಲ್ಲಿ ರುಚಿ ಹೆಚ್ಚಿಸಲು ಹಾಕುವ ಟೇಸ್ಟಿಂಗ್ ಪೌಡರ್ ಇದ್ದರೆ ಇಪ್ಪತ್ತೇ ನಿಮಿಷ... ನನ್ನ ತಲೆ ಸಿಡಿಯುತ್ತದೆ. ಈ ತಲೆಯನ್ನು ಬಾಡಿಗೆಗೆ ಕೊಟ್ಟೇ ಬದುಕುತ್ತೇನೆ. ಹೋಟೆಲ್ ಮಾಲೀಕರು ಕರೆಯುತ್ತಾರೆ. ಉಣ್ಣುತ್ತೇನೆ, ಕಾಯುತ್ತೇನೆ. ನೋವು ಬಂದರೆ ಅಡುಗೆಯವನ ಕೆಲಸ ಹೋಯಿತು.

ಹಾಗಾಗಿ ನನ್ನ ಜೊತೆ ಕೂತು ಉಣ್ಣುವವರು ಯಾರೂ ಇಲ್ಲ. ಮನೆಯಲ್ಲೂ ಇಲ್ಲ.

ಈ ಹೋಟೆಲಿಗೆ ಮಾತ್ರ ನಾಲ್ಕು ವರ್ಷದಿಂದ ದಿನಾ ಮಧ್ಯಾಹ್ನ ಬರುತ್ತಿದ್ದೆ. ಮೂಲೆಯ ಮೇಜು, ಸೂಪು, ರೊಟ್ಟಿ. ಒಂದು ದಿನವೂ ತಲೆ ನೋಯಲಿಲ್ಲ. 'ಇಲ್ಲಿ ಟೇಸ್ಟಿಂಗ್ ಪೌಡರ್ ಬಳಸುವುದಿಲ್ಲ' ಎಂದು ಮಾಲೀಕರು ಹೊರಗೆ ಬೋರ್ಡ್ ಹಾಕಿದ್ದೇ ನನ್ನ ಮಾತು ನಂಬಿ.

ಅವತ್ತು ಮಾಲೀಕರು ಪಕ್ಕಕ್ಕೆ ಕರೆದರು. ಮೂವರು ಗಿರಾಕಿಗಳು ಊಟ ಮಾಡಿದ ಮೇಲೆ ತಲೆನೋವು ಅಂತಿದ್ದಾರೆ, ನಿಮ್ಮ ತಲೆ ಸರಿಯಿದೆಯಾ ಅಂತ ಕೇಳಿದರು. ಮೈ ಉರಿಯಿತು. ನನ್ನ ಬಟ್ಟಲು ಬಿಟ್ಟು, ಪಕ್ಕದ ಮೇಜಿಗೆ ತಂದಿದ್ದ ಸೂಪ್ ಎತ್ತಿ ಕುಡಿದೆ.

ಇಪ್ಪತ್ತು ನಿಮಿಷ. ತಲೆಯಲ್ಲಿ ಧಡ್! ಎದ್ದು ನೇರ ಸ್ಟೋರ್ ರೂಮಿಗೆ ನುಗ್ಗಿದ್ದೆ.

"ಡಬ್ಬ ಕೆಳಗಿಡಿ ಅಣ್ಣ." ಸೌಟು ಚಾಕು ಮುಂದೆ ಚಾಚಿದ.

"ನನ್ನ ಬಟ್ಟಲಿಗೂ ಹಾಕ್ತಿದ್ದೆಯಾ?"

"ಒಂದು ಚಿಟಿಕೇನೂ ಇಲ್ಲ. ನಿಮಗೆ ಬೇರೆ ಪಾತ್ರೆ."

"ನಾಲ್ಕು ವರ್ಷ ನನ್ನ ಕಿವಿ ಮೇಲೆ ಹೂವಿಟ್ಟೆ."

"ಮೊದಲ ತಿಂಗಳು, ಹೌದು..." ಚಾಕು ಕೆಳಗಿಳಿಯಿತು. "ಆಮೇಲೆ ಹಾಗಲ್ಲ ಅಣ್ಣ. ನಿಮಗೆ ಅಂತ ಅಡುಗೆ ಮಾಡೋರು ಯಾರೂ ಇಲ್ಲ ಅಂತ ಗೊತ್ತಾಯ್ತು. ಸೋಮವಾರ ನನಗೆ ರಜೆ. ಆದ್ರೂ ಬಂದು ನಿಮ್ಮ ಸೂಪ್ ಮಾಡಿಟ್ಟು ಹೋಗ್ತಿದ್ದೆ."

ಸೋಮವಾರದ ಸೂಪ್ ಎಷ್ಟೋ ಸಲ ಸ್ವಲ್ಪ ತಣ್ಣಗಿರುತ್ತಿತ್ತು. ಬೈದುಕೊಂಡೇ ಕುಡಿದಿದ್ದೆ.

ಹೊಟ್ಟೆ ಮೇಲೆ ಹೊಡೀಬೇಡಿ ಅಂದ. ಸುಮ್ಮನಿದ್ದರೆ ನನ್ನ ಪಾತ್ರೆ ಉಳಿಯುತ್ತಿತ್ತು. ಆದರೆ ಹೊರಗೆ ಕೂತವರೆಲ್ಲ ನನ್ನ ಮಾತು ನಂಬಿ ಉಣ್ಣುತ್ತಿದ್ದರು.

ಚಿಲಕ ತೆಗೆದೆ. ಅವನು ತಡೆಯಲಿಲ್ಲ. ಡಬ್ಬವನ್ನು ಮಾಲೀಕರ ಮುಂದೆ ಇಟ್ಟೆ.

ವಾರದೊಳಗೆ ಹೊಸ ಅಡುಗೆಯವನು ಬಂದ. ನನಗೇನಾದರೂ ಬೇರೆ ಪಾತ್ರೆ ಇದೆಯಾ ಅಂತ ಕೇಳಿದೆ.

"ಇಲ್ಲಿ ಎಲ್ರಿಗೂ ಒಂದೇ ಪಾತ್ರೆ ಸಾರ್," ಅಂದ ಹೆಮ್ಮೆಯಿಂದ.

ಮೂಲೆಯ ಮೇಜಿನಲ್ಲಿ ಕೂತು ಕುಡಿದೆ. ಬಿಸಿಯಾಗಿತ್ತು. ಇಪ್ಪತ್ತು ನಿಮಿಷ ಕಾದೆ. ನಲವತ್ತು... ತಲೆ ನೋಯಲಿಲ್ಲ.

ನೋಯುತ್ತಿದೆ ಅಂತ ಸುಳ್ಳು ಹೇಳಿಬಿಡೋಣ ಅನ್ನಿಸಿದ್ದು ಅದೇ ಮೊದಲು.