ತೂತು ಬಿದ್ದ ಗುರುವಾರ

ಶಾಲೆ ಬಿಟ್ಟು ಬಂದ ಗುಬ್ಬಿ ಒಳಗೆ ಕಾಲಿಟ್ಟದ್ದೇ ತಡ, ಹೊಲಿಗೆ ಅಂಗಡಿಯಲ್ಲಿ ಮಾತು ನಿಂತಿತು. ಟೈಲರ್ ಅಜ್ಜಿ ಗಡಿಬಿಡಿಯಲ್ಲಿ ಮಿಶನ್ ತುಳಿಯತೊಡಗಿದರು. ಮೇಲಿನ ಮನೆಯ ಬಸ್ ಮಾಮ ಕೈಯಲ್ಲಿದ್ದ ಅಳಿಸುವ ರಬ್ಬರನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದರು.

ಬಸ್ ಓಡಿಸುವವರಿಗೆ ರಬ್ಬರ್ ಯಾಕೆ? ಈ ವಾರದಲ್ಲಿ ಹೀಗಾಗುತ್ತಿರುವುದು ಮೂರನೇ ಸಲ.

ಕಳೆದ ವರ್ಷ ಅಪ್ಪ ಅಮ್ಮ ಅಪಘಾತದಲ್ಲಿ ತೀರಿಕೊಂಡ ಮೇಲೆ ಗುಬ್ಬಿ ಅತ್ತೆಯ ಜೊತೆ ಇದೇ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿದ್ದಳು. ಅತ್ತೆ ಆಸ್ಪತ್ರೆಯಲ್ಲಿ ನರ್ಸ್. ಬರುವ ತಿಂಗಳಿಂದ ಮೂರು ತಿಂಗಳು ಅವರಿಗೆ ಬೇರೆ ಊರಲ್ಲಿ ಟ್ರೈನಿಂಗ್. ವಾರದ ಏಳು ದಿನವೂ ನೋಡಿಕೊಳ್ಳಲು ಬೀದಿಯಲ್ಲಿ ಯಾರಾದರೂ ಸಿಕ್ಕರೆ ಗುಬ್ಬಿ ಇಲ್ಲೇ ಇರಬಹುದು, ಇಲ್ಲದಿದ್ದರೆ ಹಾಸ್ಟೆಲ್ ಎಂದು ಅತ್ತೆ ಹೇಳಿದ್ದರು. ಕೊನೆಗೆ "ನೋಡೋಣ" ಎಂದೂ ಸೇರಿಸಿದ್ದರು. ದೊಡ್ಡವರು "ನೋಡೋಣ" ಎಂದರೆ ಮುಕ್ಕಾಲು ಪಾಲು "ಇಲ್ಲ" ಎಂದೇ ಅರ್ಥ.

ಅಜ್ಜಿ ಗಿರಾಕಿಗೆ ಬಟ್ಟೆ ಕೊಡಲು ಹೊರಗೆ ಹೋದಾಗ ಗುಬ್ಬಿ ಬಾಗಿಲ ಹಿಂದೆ ಇಣುಕಿದಳು. ಅಳತೆ ಚೀಟಿಗಳ ಕೆಳಗೆ ಒಂದು ಹಾಳೆ ತೂಗುತ್ತಿತ್ತು. ಸೋಮವಾರ, ಟೈಲರ್ ಅಜ್ಜಿ. ಮಂಗಳವಾರ, ಮೇಲಿನ ಮನೆ. ಬುಧವಾರ, ಬೇಕರಿ. ಶುಕ್ರ, ಶನಿ, ಭಾನುವಾರಕ್ಕೂ ಹೆಸರಿತ್ತು. ಗುರುವಾರದ ಮುಂದೆ ಮಾತ್ರ ಇರಲಿಲ್ಲ. ಬರೆದು ಅಳಿಸಿ, ಬರೆದು ಅಳಿಸಿ, ಅಲ್ಲಿ ಹಾಳೆಯೇ ತೂತು ಬಿದ್ದಿತ್ತು.

ಯಾರೋ ಮೊದಲು ಹೂಂ ಅಂದು, ಆಮೇಲೆ ಬೇಡವೆಂದು ಅಳಿಸಿದ್ದಾರೆ. ಆರು ದಿನಕ್ಕೆ ಮನೆಯಿದೆ, ಏಳನೆಯದಕ್ಕೆ ಇಲ್ಲ. ಒಂದು ದಿನ ಕಡಿಮೆಯಾದರೂ ಹಾಸ್ಟೆಲ್ಲೇ.

ಅಜ್ಜಿ ಬಂದು ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ಕೂತರು.

"ಅಜ್ಜಿ, ಗುರುವಾರ ನಾನು ಬೇಡ ಅಂದಿದ್ದು ಬಸ್ ಮಾಮ ಅಲ್ವಾ?"

ಅಜ್ಜಿ ಒಂದೊಂದೇ ಪಿನ್ನು ತೆಗೆದು ಬಟ್ಟೆಗೆ ಚುಚ್ಚಿದರು. ನಾಲ್ಕೇ ಪಿನ್ನು. ಗುಬ್ಬಿಗೆ ಅದು ಗಣಿತದ ಪೀರಿಯಡ್‌ನಷ್ಟು ಉದ್ದವಾಯಿತು.

"ಅವನು ಬೇಡ ಅಂದಿದ್ರೆ ಗೋಳೇ ಇರ್ತಿರ್ಲಿಲ್ಲ ಕಣೇ. ನಾನು ನನ್ನ ಹೆಸರು ಬರೀತೀನಿ, ಅವನು ಬಂದು ಅದನ್ನ ಅಳಿಸಿ ತನ್ನ ಹೆಸರು ಬರೀತಾನೆ. ನಾನು ಅವನದನ್ನ ಅಳಿಸ್ತೀನಿ. ಅವನಿಗೆ ಮಂಗಳವಾರ ಕೊಟ್ಟಿದೆಯಲ್ಲ, ಸಾಲ್ದಾ?"

ಉತ್ತರ ಮೆಟ್ಟಿಲ ಮೇಲಿಂದ ಬಂತು. ಬಸ್ ಮಾಮ ಅಲ್ಲೇ ನಿಂತಿದ್ದರು. "ಮಂಗಳವಾರ ಇವಳನ್ನ ನೋಡ್ಕೊಳ್ಳೋದು ನನ್ನ ಹೆಂಡ್ತಿ, ನಾನು ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ಇವಳು ನಿದ್ದೆ ಹೊಡೀತಿರ್ತಾಳೆ. ಗುರುವಾರ ನಂಗೆ ರಜಾ. ನಿಮಗೆ ಸೋಮವಾರ ಇಲ್ವಾ?"

"ಸೋಮವಾರ ಅಂಗಡಿ ತುಂಬ ಜನ. ಮಗೂನ ಮುಖ ನೋಡೋಕೂ ಪುರುಸೊತ್ತಿರಲ್ಲ."

ಇಬ್ಬರೂ ಪಟ್ಟು ಬಿಡಲಿಲ್ಲ. ತನಗೆ ಬೇಜಾರಾಗಬಾರದೆಂದು ಆಡುತ್ತಿರುವ ನಾಟಕ ಇರಬಹುದೇ? ಗುಬ್ಬಿ ಇಬ್ಬರ ಮುಖವನ್ನೂ ದಿಟ್ಟಿಸಿದಳು. ಅಜ್ಜಿಯ ಕಿವಿ ಕೆಂಪಗಾಗಿತ್ತು. ನಾಟಕದಲ್ಲಿ ಯಾರ ಕಿವಿಯೂ ಕೆಂಪಾಗುವುದನ್ನು ಅವಳು ಕಂಡಿರಲಿಲ್ಲ.

ಜಗಳದ ನಡುವೆಯೇ ಅಜ್ಜಿ ಹಾಲಿನ ಲೋಟ ತಂದು ಅವಳ ಮುಂದಿಟ್ಟರು. ಮೇಲೆ ದಪ್ಪ ಕೆನೆ. ಒಂದು ವರ್ಷದಿಂದ ಗುಬ್ಬಿ ಕೊಟ್ಟದ್ದನ್ನೆಲ್ಲ ಕಣ್ಣು ಮುಚ್ಚಿ ನುಂಗಿದ್ದಳು. ತಕರಾರು ಮಾಡುವ ಮಕ್ಕಳನ್ನು ಯಾರು ಇಟ್ಟುಕೊಳ್ಳುತ್ತಾರೆ?

ಅವಳು ಲೋಟವನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

"ನಂಗೆ ಕೆನೆ ಸೇರಲ್ಲ."

ಅಜ್ಜಿಯ ಜಗಳ ಅರ್ಧಕ್ಕೇ ನಿಂತಿತು. "ಇದನ್ನ ಹೇಳೋಕೆ ಒಂದು ವರ್ಷ ಬೇಕಾಯ್ತಾ?" ಎಂದು ಗೊಣಗುತ್ತ ಸೋಸುವ ಜಾಲರಿ ಹುಡುಕಲು ಒಳಗೆ ಹೋದರು.

ಗುಬ್ಬಿ ಕಾಲು ನೀಡಿಕೊಂಡು ಕೂತು ಕೆನೆಯಿಲ್ಲದ ಹಾಲಿಗೆ ಕಾದಳು.