ಸಂಪುಟದೊಳಗಿನ ದೇವರು

ಅಪ್ಪನ ವೈಕುಂಠ ಸಮಾರಾಧನೆ ಮುಗಿದ ಮಧ್ಯಾಹ್ನವೇ ತಮ್ಮ ಮಧುಸೂದನ ಸಾಲಿಗ್ರಾಮದ ಸಂಪುಟವನ್ನು ಮಡಿಬಟ್ಟೆಯಲ್ಲಿ ಸುತ್ತಿಕೊಂಡು ಎಜ್‌ವೇರಿನ ತನ್ನ ಮನೆಗೆ ಹೊರಟು ನಿಂತಿದ್ದ. ಅಂಬುಜಾ ಬಾಗಿಲಿಗೆ ಅಡ್ಡ ನಿಂತಳು.

"ಅಪ್ಪ ಇರೂತನಕಾ ಇದೇ ಫ್ಲ್ಯಾಟಿನಾಗ ಇತ್ತಲ್ಲೋ ಮಧೂ. ಇಲ್ಲೇ ಇರಲಿ."

"ಹೆಣ್ಣಮಕ್ಕಳು ಮುಟ್ಟೂಹಂಗಿಲ್ಲಕ್ಕಾ. ಮತ್ತ ಪೂಜಿ ಯಾರು ಮಾಡ್ತಾರ, ನಿನ್ನ ವಾಷಿಂಗ್ ಮಷೀನು?"

ನೆಂಟರೆಲ್ಲ ನಕ್ಕರು. ಆ ನಗು ಅವಳೊಳಗೆ ಇನ್ನೂ ಆರಿರಲಿಲ್ಲ.

ಫೆಲ್ಥಮ್ಮಿನ ಈ ಫ್ಲ್ಯಾಟಿನಲ್ಲಿ ಗಂಧ ತೇಯ್ದವಳು ಅವಳು. ಚಳಿಗಾಲದಲ್ಲಿ ಕುಂಡವನ್ನು ಹೀಟರಿನ ಪಕ್ಕಕ್ಕೆಳೆದು ತುಳಸಿಯ ಜೀವ ಉಳಿಸಿದವಳು ಅವಳು. ವಿಮಾನ ನಿಲ್ದಾಣದ ಅಡುಗೆಮನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು, ತಲೆಗೆ ನೀರು ಹಾಕಿಕೊಂಡು ನೈವೇದ್ಯಕ್ಕಿಟ್ಟವಳೂ ಅವಳೇ. ಆದರೆ ದೇವರಿಗೂ ಅವಳಿಗೂ ನಡುವೆ ಸದಾ ಒಂದು ಮೊಳದ ಅಂತರ. ಅಪ್ಪನ ಬೆನ್ನ ಹಿಂದೆ ಕೂತು, ಗಂಧ ತುಳಸಿಗಳ ಅಡಿಯಲ್ಲಿ ಕಪ್ಪಗೆ ಏನೋ ಹೊಳೆಯುವುದನ್ನು ನೋಡಿದ್ದಷ್ಟೇ. ಆ ಒಂದು ಮೊಳವನ್ನು ದಾಟಿಯೇ ತೀರಬೇಕೆಂದು ಅವಳು ನಿಶ್ಚಯಿಸಿದಳು. ಕಳ್ಳತನ ಎನ್ನುವವರು ಎನ್ನಲಿ.

ದಾರಿಯನ್ನು ತೋರಿಸಿದ್ದು ಮಧುವಿನ ಹೆಂಡತಿ ಬೃಂದಾ. ಒಂದು ಸಂಜೆ ಫೋನ್ ಮಾಡಿದಳು. "ಅಂಬಕ್ಕಾ, ಜರ್ಮನಿಗೆ ಹೊಂಟೀವಿ. ಕೋಟಿ ಗ್ವಾಡಿ ಸುತ್ತೂ ಇರೋ ಹಳೇ ಊರಂತ, ರೋಥೆನ್‌ಬರ್ಗ್. ಭಾನುವಾರ ರಾತ್ರಿ ಬಂದುಬಿಡ್ತೀವಿ. ಅವತ್ತ ಗಿಡಕ್ಕ ಒಂದೀಟು ನೀರು ಹಾಕ್ರಿ. ಕೀಲಿ ಕೊಟ್ಟಿರ್ತೀನಿ."

"ದೇವರಿಗೆ?"

"ಅದರ ಚಿಂತಿ ನಿಮಗ ಬ್ಯಾಡ್ರಿ."

ಗಿಡಕ್ಕೆ ಅವಳ ನೀರು ಆಗುತ್ತದೆ, ದೇವರಿಗೆ ಆಗುವುದಿಲ್ಲ. ಊರು ನೋಡುವ ಚಪಲಕ್ಕೆ ದೇವರನ್ನು ಕತ್ತಲೆಯಲ್ಲಿ ಉಪವಾಸ ಕೆಡವಿ ಹೋಗುವ ಇವರು ವಾರಸುದಾರರು! ಉಳಿದಿದ್ದ ಅಳುಕೂ ಅಲ್ಲಿಗೆ ಹೋಯಿತು.

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂತಿರುಗಿ ಬರುವ ಹೆಂಗಸು ಅವಳು. ಆ ಸ್ವಭಾವವೇ ಈಗ ಕೆಲಸಕ್ಕೆ ಬಂತು. ಅಲಂಕಾರದ ಮೀನು ಮಾರುವ ಅಂಗಡಿಯಲ್ಲಿ ತೊಟ್ಟಿಯ ತಳಕ್ಕೆ ಹಾಕುವ ಕಲ್ಲುಗಳ ರಾಶಿಯನ್ನು ಕೆದಕಿ, ದುಂಡನೆಯ ಒಂದು ಕರಿಗಲ್ಲನ್ನು ಆರಿಸಿದಳು. ಎಣ್ಣೆಯಲ್ಲಿ ನೆನೆಹಾಕಿದಳು. ಗಂಧ ಬಳಿದು ಒಣಗಿಸಿ, ಒರೆಸಿ, ಮತ್ತೆ ಬಳಿದಳು. ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದರಲ್ಲಿ ಉದ್ಧರಣೆ ನೀರು ಬಿಡುವ ಡಾಕ್ಟರ್ ತಮ್ಮನಿಗೆ ಇಷ್ಟು ಸಾಕು. ಬೀಗ ಒಡೆಯುವಂತಿಲ್ಲ, ಏನೂ ಕಾಣೆಯಾಗುವಂತಿಲ್ಲ. ಕಳುವಾಗಿದೆ ಎಂದೇ ಗೊತ್ತಾಗದ ಮೇಲೆ ಕಳ್ಳರನ್ನು ಹುಡುಕುವವರು ಯಾರು?

ಭಾನುವಾರ ವಾಟರ್‌ಲೂನಲ್ಲಿ ರೈಲಿಳಿದು ನಾರ್ದರ್ನ್ ಲೈನ್ ಹಿಡಿದಳು. ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೊಗಳು ಬೀಳುತ್ತಲೇ ಇದ್ದವು. ಊರ ಹೆಬ್ಬಾಗಿಲ ಕಮಾನು, ಒಂದಕ್ಕೊಂದು ಒರಗಿದ ಕೆಂಪು ಹೆಂಚಿನ ಮಾಡುಗಳು, ಹಿಮದುಂಡೆಯಂಥ ತಿಂಡಿ ಕಚ್ಚಿ ಮೂಗಿಗೆಲ್ಲ ಸಕ್ಕರೆ ಮೆತ್ತಿಕೊಂಡ ಅವರ ಮಗಳು ಗಾರ್ಗಿ. 'ನೋಡ್ರಿ, ಕಣ್ಣು ತುಂಬ ನೋಡ್ರಿ' ಎಂದುಕೊಂಡಳು ಅಂಬುಜಾ. ಅವರು ಪುರಭವನದ ಗೋಪುರ ಹತ್ತುತ್ತಿದ್ದಾಗ ಅವಳು ಎಜ್‌ವೇರಿನ ಬಾಗಿಲಿಗೆ ಕೀಲಿ ಹಾಕಿದಳು.

ಮೊದಲು ಗಿಡಗಳಿಗೆ ನೀರು. ಒಪ್ಪಿಕೊಂಡ ಕೆಲಸ ಕೆಡಬಾರದು. ಆಮೇಲೆ ದೇವರ ಮನೆ. ಸಂಪುಟದ ಮುಚ್ಚಳ ತೆಗೆದಳು. ಕೆಂಪು ರೇಷ್ಮೆಯ ಚೌಕದ ಮೇಲೆ ಕಪ್ಪಗೆ ಮಲಗಿತ್ತು. ಮುಟ್ಟಿದಳು.

ಗುಡುಗಲಿಲ್ಲ, ಮಿಂಚಲಿಲ್ಲ. ಬೀದಿಯಲ್ಲಿ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದ ಸದ್ದು, ಅಷ್ಟೆ. ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ಇಷ್ಟು ಹಗುರಾದದ್ದನ್ನೇ ಇವರೆಲ್ಲ ಅಷ್ಟು ಭಾರ ಮಾಡಿದ್ದರಲ್ಲ! ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ತನ್ನ ಕಲ್ಲನ್ನು ಅದರ ಜಾಗದಲ್ಲಿ ಮಲಗಿಸಿ, ಬೃಂದಾ ಹೇಳಿದ್ದಂತೆಯೇ ಬಾಗಿಲು ಎಳೆದುಕೊಂಡು ಕೀಲಿಯನ್ನು ಅಂಚೆಕಿಂಡಿಯಿಂದ ಒಳಕ್ಕೆ ಹಾಕಿದಳು.

ಫೆಲ್ಥಮ್ಮಿಗೆ ಮರಳಿ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಕೂತಳು. ಹಾಲೆರೆದಳು, ಗಂಧ ಹಚ್ಚಿದಳು, ತನ್ನ ಕೈಯಿಂದಲೇ ತುಳಸಿ ಏರಿಸಿದಳು. ಕೇಳಿ ಕೇಳಿ ಬಾಯಿಗೆ ಬಂದಿದ್ದ ಪುರುಷಸೂಕ್ತವನ್ನು ಪಕ್ಕದ ಫ್ಲ್ಯಾಟಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಮಂಗಳಾರತಿ ಎತ್ತುವ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಮಧುವಿನ ವಿಡಿಯೊ ಕಾಲ್. ಬೇಕೆಂದೇ ಎತ್ತಿದಳು. ದೇವರ ಮುಂದಿನಿಂದ ಏಳದೆ, ತಲೆ ಎತ್ತಿ, ಮುಖವಷ್ಟೇ ಕಾಣುವಂತೆ ಫೋನ್ ಹಿಡಿದಳು.

ಮಧು ಕೋಟೆಗೋಡೆಯ ಮೇಲೆ, ಮರದ ಮಾಡಿನ ಕೆಳಗೆ ನಡೆಯುತ್ತಿದ್ದ. "ಅಕ್ಕಾ, ಗಿಡಕ್ಕ ನೀರು ಹಾಕಿದ್ಯಾ?" "ಹಾಕೀನಿ. ಯಾರಿಗೆ ಏನು ಹಾಕಬೇಕೋ ಎಲ್ಲಾ ಹಾಕೀನಿ." ಅವನು ನಕ್ಕು ಅಂಗಿಯ ಜೇಬಿನಿಂದ ಪುಟ್ಟ ಬೆಳ್ಳಿ ಡಬ್ಬಿ ತೆಗೆದು ಮುಚ್ಚಳ ತೆರೆದ. ಒಳಗೆ ಎಣ್ಣೆಗಪ್ಪಿನ ಒಂದು ಕಲ್ಲು, ಅದರ ಮೇಲೊಂದು ಒಣಗಿದ ತುಳಸಿ ಎಸಳು. "ಒಂದಿನಾನೂ ಪೂಜಿ ತಪ್ಪಬಾರದಲ್ಲ, ಅಪ್ಪಾನ ಹಂಗ ದೇವರನ್ನ ಜೋಡೀಲೆ ಕರಕೊಂಡು ಬಂದೀನಿ. ದಿನಾ ಮುಂಜಾನೆ ಹೋಟೆಲಿನಾಗ ಅಭಿಷೇಕ, ಏನು ತಿಳಕೊಂಡೀ!" ಪೂಜಿಸುವವನು ಊರು ಬಿಟ್ಟರೆ ದೇವರೂ ಜೊತೆಗೇ ಹೊರಡುತ್ತಾನೆಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ, ಮಧು ಅದನ್ನು ಪಾಲಿಸಿಯಾನು ಎಂಬುದೊಂದನ್ನು ಮಾತ್ರ ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಂಬುಜಾ ಫೋನನ್ನು ಇಳಿಸಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. "ಸಂಪುಟ ಖಾಲಿ ಇರಬಾರದಂತ ಇಕಿ ತನ್ನ ಬ್ರೈಟನ್ ಬೀಚಿನ ಕಲ್ಲು ಅದರಾಗ ಮಲಗಿಸಿ ಬಂದಾಳ" ಎಂದು ಅವನು ಮಗಳನ್ನು ಮುಂದಕ್ಕೆಳೆದ. ಗಾರ್ಗಿ ಪರದೆಗೆ ಮೂಗು ತಾಗಿಸಿ ಕೂಗಿದಳು: "ಅತ್ಯಾ, ಟುನೈಟ್ ಐ ಆಮ್ ಟೇಕಿಂಗ್ ಮೈ ಸ್ಟೋನ್ ಬ್ಯಾಕ್!"