ರೆಕ್ಕೆಗೆ ಕಟ್ಟಿದ ದಾರ

ಅರ್ಷಿಯಾ ಅಫ್ನಾನ್‌ನನ್ನು ಮೊದಲ ಸಲ ಮಾತಾಡಿಸಿದ್ದೇ ಜಗಳಕ್ಕೆ! ಭದ್ರಾವತಿಯ ಓಲ್ಡ್ ಟೌನಿನಲ್ಲಿ ಇಬ್ಬರದೂ ಅಕ್ಕಪಕ್ಕದ ತಾರಸಿ. ಅವಳು ತೊಳೆದು ಒಣಹಾಕಿದ್ದ ಗೋಧಿಯನ್ನು ಅವನ ಪಾರಿವಾಳಗಳು ಮುಕ್ಕಿದ್ದವು. ಬೈಯಲು ಹೋದವಳಿಗೆ ಅವನು ಚಹಾ ಕೊಟ್ಟ. ಬೈಗುಳ ಗಂಟಲಲ್ಲೇ ಉಳಿಯಿತು.

ಆಮೇಲೆ ಚಹಾ ದಿನವೂ ನಡೆಯಿತು. ಪ್ರೀತಿಯ ವಿಷಯ ಮಾತ್ರ ಇಬ್ಬರೂ ಬಾಯಿಬಿಡಲಿಲ್ಲ... ಎಲ್ಲ ಬರೀ ಪಾರಿವಾಳದ ಮಾತು.

"ಇವನ್ನ ಯಾರಿಗೆ ಕೊಟ್ರೂ ವಾಪಸ್ ಬಂದ್ಬಿಡ್ತವೆ ಮಾರಾಯ್ತಿ. ಬರಬಾರ್ದು ಅಂದ್ರೆ ರೆಕ್ಕೆಗೆ ದಾರ ಕಟ್ಬೇಕು. ನಾನಂತೂ ಕಟ್ಟಲ್ಲ," ಎಂದಿದ್ದ.

ಇತ್ತೀಚೆಗೆ ಅವನು ಗ್ಯಾರೇಜಿನ ಕೆಲಸಕ್ಕೆ ಹೋಗುವುದನ್ನೇ ಬಿಟ್ಟಿದ್ದ. ಊಟ ಸೇರುತ್ತಿರಲಿಲ್ಲ, ನಿದ್ದೆಯಿಲ್ಲದೆ ಕಣ್ಣು ಕೆಂಪಗಿರುತ್ತಿತ್ತು. ನಾನು ಬೇಡವಾದೆನೇನೋ ಎಂದು ಅರ್ಷಿಯಾ ಮುನಿಸಿಕೊಂಡಿದ್ದಳು.

ಒಂದು ಬೆಳಿಗ್ಗೆ ಪಂಜರ ಹಿಡಿದು ಬಾಗಿಲಿಗೆ ಬಂದ. ಮುಖದಲ್ಲಿ ಏನೋ ವಿಚಿತ್ರ ಸಮಾಧಾನ.

"ಇನ್ಮೇಲೆ ಇವು ನಿನ್ನವೇ. ಚೆನ್ನಾಗಿ ನೋಡ್ಕೋ."

ನನ್ನನ್ನು ಬಿಟ್ಟುಹೋಗಲು ಇದೊಂದು ಉಡುಗೊರೆ ಬೇರೆ! ಸಿಟ್ಟಿನಿಂದ ಬಾಗಿಲು ಹಾಕಲು ಹೊರಟವಳ ಕಣ್ಣು ಪಂಜರದ ಮೇಲೆ ಬಿತ್ತು. ಪ್ರತಿ ಹಕ್ಕಿಯ ರೆಕ್ಕೆಗೂ ಬಿಳಿ ದಾರ. ಅವಳ ಹೊಲಿಗೆ ಡಬ್ಬಿಯಿಂದಲೇ ಹಿಂದಿನ ದಿನ ಕೇಳಿ ಒಯ್ದಿದ್ದು.

ಕಟ್ಟಲ್ಲ ಎಂದಿದ್ದವನೇ ಕಟ್ಟಿದ್ದ. ಹಕ್ಕಿಗಳು ವಾಪಸ್ ಬಂದರೆ ಕಾಳು ಹಾಕಲು ಅವನು ಇರುವುದಿಲ್ಲವೇ? ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾದೀತೇ ಎಂಬ ಅಳುಕು... ಆದರೂ ಕೇಳಿಯೇಬಿಟ್ಟಳು.

"ಅಫ್ನಾನ್, ಸಾಯ್ಬೇಕು ಅನ್ನಿಸ್ತಿದೆಯಾ?"

ಅವನು ಹೂಂ ಎಂದ. ಯಾರಾದರೂ ಕೇಳಲಿ ಎಂದು ಕಾದಿದ್ದವನಂತೆ ಮೆಟ್ಟಿಲ ಮೇಲೆ ಕುಸಿದು ಅತ್ತ.

ಅವಳು ಬುದ್ಧಿ ಹೇಳಲಿಲ್ಲ, ಬೈಯಲಿಲ್ಲ. ಪಕ್ಕದಲ್ಲೇ ಕೂತು ಅವನು ಹೇಳಿದ್ದನ್ನೆಲ್ಲ ಕೇಳಿದಳು. ಯಾರಿಗೂ ಹೇಳಬೇಡ ಎಂದಾಗ ಮಾತ್ರ ಒಪ್ಪದೆ, ಅವನ ತಾಯಿ ಶಮ್ಸುನ್ನೀಸಾರನ್ನು ಕೂಗಿದಳು. ಅವನನ್ನು ಒಂಟಿಯಾಗಿ ಬಿಡದೆ, ಆಗಲೇ ಮೂವರೂ ಶಿವಮೊಗ್ಗದ ಬಸ್ಸು ಹತ್ತಿ ಮನೋವೈದ್ಯರ ಬಳಿ ಹೋದರು.

ಒಂದೇ ಸಲಕ್ಕೆ ಎಲ್ಲ ಸರಿಹೋಗಲಿಲ್ಲ. ಮಾತ್ರೆ, ಮಾತು, ನಡುನಡುವೆ ಕೆಟ್ಟ ದಿನಗಳು... ನಿಧಾನಕ್ಕೆ ನಿದ್ದೆ ಬಂತು, ಹಸಿವು ಬಂತು, ಸಂಜೆಯ ಚಹಾ ಮತ್ತೆ ಶುರುವಾಯಿತು.

ರಂಜಾನ್ ಕಳೆದ ಮೇಲೊಂದು ಸಂಜೆ, ದಾರ ಬಿಚ್ಚೋಣವೇ ಎಂದು ಅವನೇ ಕೇಳಿದ. ಇಬ್ಬರೂ ಸೇರಿ ಬಿಚ್ಚಿದರು. ಹಕ್ಕಿಗಳು ಒಂದು ಸುತ್ತು ಹಾರಿ ಅವನ ತಾರಸಿಗೇ ಇಳಿದವು.

"ಎಲ್ಲಾ ನಿಮ್ಮನೆಗೇ ಹೋದ್ವಲ್ಲ, ನಂಗೇನು ಉಳೀತು?" ಅರ್ಷಿಯಾ ಹುಸಿಮುನಿಸು ತೋರಿದಳು.

"ನೀನೂ ಬಂದ್ಬಿಡು... ನೀನಂದ್ರೆ ನಂಗೆ ಪ್ರಾಣ."

ಅವಳ ಕಣ್ಣು ತುಂಬಿತು. "ಬರ್ತೀನಿ. ನೀನಿರ್ತೀಯಲ್ಲ?"

"ಇರ್ತೀನಿ. ಕೆಟ್ಟ ದಿನ ಬಂದ್ರೆ ಮೊದಲು ನಿಂಗೇ ಹೇಳ್ತೀನಿ."

"ಹಾಗಾದ್ರೆ ನಾಳೆ ನಿಮ್ಮ ಅಮ್ಮೀನ ಸಂಬಂಧ ಕೇಳೋಕೆ ನಮ್ಮನೆಗೆ ಕಳ್ಸು," ಎಂದು ಅವಳು ಅವನ ಕೈ ಹಿಡಿದಳು.